ಸತ್ಯನಿಷ್ಠ ವಿಜ್ಞಾನಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1853ರಲ್ಲಿ ಜನಿಸಿದ ಗ್ರಾಂ ಅವರು ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಬರ್ಲಿನ್ನಿನ ಫ್ರೀಡ್‌ಲೆಂಡರರ ಪ್ರಯೋಗಾಲಯವನ್ನು ಸೇರಿದರು. ನ್ಯುಮೋನಿಯಾದಿಂದ ಮಡಿದವರ ಶ್ವಾಸಕೋಶದಲ್ಲಿ ಅಡಗಿದ ಬ್ಯಾಕ್ಟೀರಿಯಗಳನ್ನು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುವುದು ಆಗ ಕಠಿಣವಾಗಿತ್ತು. ಅಂಗಾಂಶದ ತೆಳುಪದರಕ್ಕೆ ನೇರಳೆ ಬಣ್ಣವನ್ನು ಕೊಟ್ಟು, ಅಯೊಡೀನ್ ದ್ರಾವಣದಲ್ಲಿ ಅದ್ದಿ, ಆಲ್ಕೊಹಾಲಿನಿಂದ ತೊಳೆದಾಗ ಅಂಗಾಂಶದ ಬಣ್ಣ ಕಳೆಯಿತು. ಬ್ಯಾಕ್ಟೀರಿಯಗಳು ನೇರಳೆಯಾಗಿಯೇ ಉಳಿದವು. ಆದರೆ ಟೈಫಾಯಿಡ್ ಬ್ಯಾಕ್ಟೀರಿಯ ಬಣ್ಣವನ್ನು ಹಿಡಿಯಲಿಲ್ಲ. 1884ರಲ್ಲಿ ಈ ವಿಧಾನವನ್ನು ಪ್ರಕಟಿಸುವಾಗ ಅದು ಅಪೂರ್ಣವೆಂದು ಗ್ರಾಂ ವಿನಯದಿಂದ ಒಪ್ಪಿಕೊಂಡರು.

ಆ ಕುಂದೇ ಮುಂದೆ ವರವಾಯಿತು. ಬಣ್ಣ ಹಿಡಿಯುವ ಬ್ಯಾಕ್ಟೀರಿಯಗಳ ಕೋಶಭಿತ್ತಿ ದಪ್ಪ, ಬಿಡುವವುಗಳದು ತೆಳುವೆಂದು ತಿಳಿದುಬಂದಿತು. ಸೂಕ್ತ ಔಷಧವನ್ನು ಆರಿಸಲು ಈ ಭೇದವು ವೈದ್ಯರಿಗೆ ಇಂದಿಗೂ ನೆರವಾಗುತ್ತಿದೆ. ಪ್ರಾಧ್ಯಾಪಕರಾಗಿ 1923ರಲ್ಲಿ ನಿವೃತ್ತರಾದ ಗ್ರಾಂ 1938ರಲ್ಲಿ ನಿಧನರಾದರು. ಕೊರತೆಯನ್ನು ಮರೆಮಾಚದ ಸತ್ಯನಿಷ್ಠೆ ವಿದ್ಯಾರ್ಥಿಗಳಿಗೆ ಅನುಕರಣೀಯ.