ಖಳಪಾತ್ರಧಾರಿ ಕಾನ್ರಾಡ್ ಫೈಟ್

ತೆರೆಯ ಮೇಲೆ ದುಷ್ಟನಾಗಿ ಮೆರೆದವನು ಬಾಳಿನಲ್ಲಿಯೂ ದುಷ್ಟನೇ ಆಗಿರಬೇಕೆಂಬ ನಿಯಮವಿಲ್ಲ. ಕ್ರೌರ್ಯದ ಪ್ರತಿರೂಪವಾಗಿ ಚಿತ್ರಗಳಲ್ಲಿ ಕಾಣಿಸಿಕೊಂಡು, ನಿಜಜೀವನದಲ್ಲಿ ಅದೇ ಕ್ರೌರ್ಯಕ್ಕೆ ಎದುರಾಗಿ ನಿಂತ ಕಲಾವಿದರಲ್ಲಿ ಜರ್ಮನಿಯ ಕಾನ್ರಾಡ್ ಫೈಟ್ ಅವರು ಪ್ರಮುಖರು.

೧೮೯೩ರ ಜನವರಿ ೨೨ರಂದು ಬರ್ಲಿನ್ ನಗರದಲ್ಲಿ ಜನಿಸಿದ ಫೈಟ್ ಅವರು ತಾರುಣ್ಯದಲ್ಲಿಯೇ ಹೆಸರಾಂತ ನಾಟಕ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ಬಳಿ ಅಭಿನಯವನ್ನು ಅಭ್ಯಸಿಸಿದರು. ಒಂದನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿ, ಕಾಯಿಲೆಯಿಂದ ನರಳಿ, ೧೯೧೭ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿ ಪುನಃ ಕಲಾಜೀವನಕ್ಕೆ ಮರಳಿದರು.

೧೯೨೦ರಲ್ಲಿ ತೆರೆಕಂಡ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಎಂಬ ಮೂಕಚಿತ್ರವು ಅವರಿಗೆ ಜಗತ್ಪ್ರಸಿದ್ಧಿಯನ್ನು ತಂದಿತು. ಒಡೆಯನ ಆಜ್ಞೆಯಂತೆ ನಿದ್ರೆಯಲ್ಲಿಯೇ ನಡೆದುಹೋಗಿ ಕೊಲೆಗೈಯುವ ಸೆಸಾರೆಯ ಪಾತ್ರ ಅವರದು. ನೀಳವಾದ ಕೃಶಶರೀರ, ಇರಿಯುವಂತಹ ಕಣ್ಣುಗಳು ಆ ಪಾತ್ರಕ್ಕೆ ಜೀವ ತುಂಬಿದವು. ೧೯೨೮ರ ‘ದಿ ಮ್ಯಾನ್ ಹೂ ಲಾಫ್ಸ್’ ಚಿತ್ರದಲ್ಲಿ ಅವರು ವಿರೂಪಗೊಂಡ ಬಾಯಿಯಿಂದ ಸದಾ ನಗುತ್ತಿರುವಂತೆ ತೋರುವ ದುರ್ದೈವಿಯಾದರು. ಅಲ್ಲಿ ನಗುವ ಮುಖದೊಳಗಿನ ದುಃಖವನ್ನು ಕಣ್ಣುಗಳಿಂದಲೇ ವ್ಯಕ್ತಪಡಿಸಿದ ಅವರ ಕೌಶಲ ಅನನ್ಯವಾದುದು.

೧೯೩೩ರಲ್ಲಿ ಹಿಟ್ಲರನ ನಾತ್ಸಿ ಪಕ್ಷವು ಅಧಿಕಾರಕ್ಕೆ ಬಂದೊಡನೆ ಚಿತ್ರರಂಗದ ಕಲಾವಿದರೆಲ್ಲರೂ ತಮ್ಮ ಜನಾಂಗವನ್ನು ಬರೆದು ತಿಳಿಸಬೇಕಾಯಿತು. ಫೈಟ್ ಅವರು ಯೆಹೂದ್ಯರಲ್ಲ. ಅವರ ಪತ್ನಿ ಲಿಲ್ಲಿ ಯೆಹೂದಿ ಮನೆತನದವರು. ಆದರೂ ಆ ಅರ್ಜಿಯಲ್ಲಿ ಅವರು ತಮ್ಮನ್ನು ಯೆಹೂದಿಯೆಂದೇ ಬರೆದುಕೊಂಡರು. ಕೀರ್ತಿ, ಸಂಪಾದನೆ, ಜನ್ಮಭೂಮಿ ಮೂರನ್ನೂ ತೊರೆದು ಪತ್ನಿಯೊಡನೆ ಇಂಗ್ಲೆಂಡಿಗೆ ತೆರಳಿದರು. ೧೯೩೯ರಲ್ಲಿ ಬ್ರಿಟಿಷ್ ಪ್ರಜೆಯಾದರು. ತಮ್ಮ ಗಳಿಕೆಯಲ್ಲಿ ಬಹಳಷ್ಟನ್ನು ಬ್ರಿಟನ್ನಿನ ಯುದ್ಧಕಾಲದ ನೆರವಿಗೆ ಧಾರೆಯೆರೆದರು.

೧೯೪೦ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಅವರು ಮಾಂತ್ರಿಕ ಮಂತ್ರಿ ಜಾಫರನಾಗಿ ಅಭಿನಯಿಸಿದರು. ಆ ಜಾಫರನಿಗೆ ಎದುರಾಗಿ ನಿಂತ ಚತುರ ಬಾಲಕನ ಪಾತ್ರವನ್ನು ವಹಿಸಿದವನು ಮೈಸೂರಿನ ಅರಮನೆಯ ಆನೆಲಾಯದಿಂದ ಚಿತ್ರರಂಗಕ್ಕೆ ಹೋದ ನಮ್ಮ ನಾಡಿನ ಸಾಬು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಲಂಡನ್ನಿನಲ್ಲಿ ಆರಂಭವಾದ ಆ ಚಿತ್ರವು ಯುದ್ಧದ ಕಾರಣದಿಂದ ಅಮೆರಿಕೆಯಲ್ಲಿ ಪೂರ್ಣಗೊಂಡಿತು.

ವಿಧಿಯ ವಿಪರ್ಯಾಸವೆಂದರೆ, ನಾತ್ಸಿಗಳಿಂದಾಗಿ ದೇಶವನ್ನೇ ತೊರೆದ ಈ ಮಹನೀಯರಿಗೆ ಹಾಲಿವುಡ್ಡಿನಲ್ಲಿ ನಾತ್ಸಿಗಳ ಪಾತ್ರಗಳೇ ದೊರೆತವು. ಅವರು ಒಲ್ಲೆನೆನ್ನಲಿಲ್ಲ. ೧೯೪೨ರ ‘ಕಾಸಾಬ್ಲಾಂಕಾ’ ಚಿತ್ರದ ಮೇಜರ್ ಸ್ಟ್ರಾಸರ್ ಪಾತ್ರವು ಅವರ ಹೆಸರನ್ನು ಚಿರಸ್ಥಾಯಿಗೊಳಿಸಿತು. ಆ ಚಿತ್ರದಲ್ಲಿ ಪಾತ್ರವಹಿಸಿದವರಲ್ಲಿ ಅನೇಕರು ಅವರಂತೆಯೇ ಯೂರೋಪನ್ನು ಬಿಟ್ಟುಬಂದ ನಿರಾಶ್ರಿತರು. ಅಬ್ಬರಿಸದೆ, ನಯವಾದ ನಡೆನುಡಿಗಳಲ್ಲಿಯೇ ಅಧಿಕಾರಮದವನ್ನು ತೋರಿದ ಆ ಅಭಿನಯದಿಂದ ನಾತ್ಸಿ ಆಡಳಿತದ ಸ್ವರೂಪವು ಪ್ರೇಕ್ಷಕರ ಕಣ್ಣಿಗೆ ಕಟ್ಟಿತು.

೧೯೪೩ರ ಏಪ್ರಿಲ್ ೩ರಂದು ಲಾಸ್ ಏಂಜಲೀಸ್‌ನಲ್ಲಿ ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತದಿಂದ ಫೈಟ್ ಅವರು ನಿಧನರಾದರು. ಆಗ ಅವರಿಗೆ ಐವತ್ತು ವರ್ಷ. ಹಿಟ್ಲರನ ಪತನವನ್ನು ಕಾಣುವ ಭಾಗ್ಯ ಅವರಿಗೆ ಲಭಿಸಲಿಲ್ಲ. ತೆರೆಯ ಮೇಲೆ ಅವರು ಧರಿಸಿದ ದುಷ್ಟವೇಷಗಳು ಅನೇಕ. ಬಾಳಿನಲ್ಲಿ ಮಾತ್ರ, ಸುಳ್ಳಾಗಿದ್ದರೂ ಅವರು ಬರೆದ ಆ ಒಂದು ಪದವು ಸತ್ಯಕ್ಕಿಂತ ಮಿಗಿಲಾದ ಧರ್ಮವನ್ನು ಮೆರೆಯಿತು.