ಕಂಪ್ಯೂಟರ್ ಪದವಿ ಇಲ್ಲದೆಯೇ ಸ್ವದೇಶಿ ಕಂಪ್ಯೂಟರ್ ಕಟ್ಟಿದ ಪ್ರೊ. ನರಸಿಂಹನ್: ಅವರು ಓದಿದ್ದೇನು?

ಸಿಇಟಿ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ. ಕಂಪ್ಯೂಟರ್ ಸೈನ್ಸ್ ತಗೊಳ್ಳೋದಾ, ಎಐ-ಎಂಎಲ್ಲಾ, ಡೇಟಾ ಸೈನ್ಸಾ? ಗಡಿ ದಾಟಿ ಆಂಧ್ರದ ವಿಜಯವಾಡ, ಕೊಂಡಪಲ್ಲಿ ಕಡೆ ಹೋದರೂ ಕಥೆ ಬೇರೆಯಿಲ್ಲ. ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕವರ ಮುಖ ಅರ್ಧ ಸೋತಂತೆ ಸಪ್ಪಗಾಗಿರುತ್ತದೆ. ಅಂಥವರು ಒಮ್ಮೆ ಪ್ರೊ. ರಂಗಸ್ವಾಮಿ ನರಸಿಂಹನ್ ಅವರ ಬದುಕನ್ನು ನೋಡಬೇಕು.

1926ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ನರಸಿಂಹನ್, ಅಲ್ಲಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದು ಟೆಲಿಕಮ್ಯುನಿಕೇಷನ್. ನಂತರ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ. ಇಲ್ಲಿಗೆ ನಿಲ್ಲಿಸಿದ್ದರೂ ಒಳ್ಳೆಯ ಕೆಲಸ ಸಿಗುತ್ತಿತ್ತು. ಅವರು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತದಲ್ಲಿ ಪಿಎಚ್‌ಡಿ ಮಾಡಿದರು.

1954ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದಾಗ ದೇಶದಲ್ಲಿ ಕಂಪ್ಯೂಟರ್ ಪದವಿ ಹಾಗಿರಲಿ, ಡಿಜಿಟಲ್ ಕಂಪ್ಯೂಟರೇ ಇರಲಿಲ್ಲ. ಹೋಮಿ ಭಾಭಾ ಕಟ್ಟಿದ ಆ ಸಂಸ್ಥೆಯಲ್ಲಿ ಒಂದು ಸಣ್ಣ ತಂಡ ಸ್ವಂತ ಕಂಪ್ಯೂಟರ್ ಮಾಡಲು ಕೈಹಾಕಿತು. ಮೊದಲು ಪ್ರಾಯೋಗಿಕ ಯಂತ್ರ, ಆಮೇಲೆ 1960ರಲ್ಲಿ ಪೂರ್ಣ ಪ್ರಮಾಣದ ಕಂಪ್ಯೂಟರ್. ಸುಮಾರು 2,700 ವ್ಯಾಕ್ಯೂಮ್ ಟ್ಯೂಬ್‌ಗಳಿದ್ದ ಈ ಯಂತ್ರದ ನೆನಪಿನ ಶಕ್ತಿ 40 ಬಿಟ್‌ನ 2,048 ಪದಗಳಷ್ಟೇ. ಅಂದರೆ ಬರೀ 10 ಕಿಲೋಬೈಟ್! ಇಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಪ್ರೋಗ್ರಾಂ ಬರೆಯುವವರು ನೇರವಾಗಿ ಯಂತ್ರದ ಭಾಷೆಯಲ್ಲೇ ಬರೆಯಬೇಕಿತ್ತು. 1962ರಲ್ಲಿ ಪ್ರಧಾನಿ ನೆಹರೂ ಇದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು.

ಟ್ಯೂಬುಗಳ ಕಾಲ ಬೇಗ ಮುಗಿಯಿತು, ಟಿಫ್ರಾಕ್ ಕೂಡ ಹಳೆಯದಾಯಿತು. ಒಂದೇ ಯಂತ್ರವನ್ನು ನಂಬಿಕೊಂಡಿದ್ದರೆ ನರಸಿಂಹನ್ ಅವರ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು. 1960ರ ದಶಕದ ಆರಂಭದಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯಕ್ಕೆ ಹೋದ ಅವರು, ಚಿತ್ರಗಳನ್ನು ಕಂಪ್ಯೂಟರ್ ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ ವ್ಯಾಕರಣದ ದಾರಿ ಹಿಡಿದರು. ವಾಕ್ಯವನ್ನು ಪದಗಳಾಗಿ ಬಿಡಿಸುವಂತೆ ಚಿತ್ರವನ್ನು ಭಾಗಗಳಾಗಿ ಬಿಡಿಸುವ ಈ ವಿಧಾನ ಜಗತ್ತಿನ ಗಮನ ಸೆಳೆಯಿತು. ಇದಕ್ಕೆ ಬೇಕಾಗಿದ್ದು ಸೋಲ್ಡರಿಂಗ್ ಅಲ್ಲ, ಗಣಿತ. ಕಾಲೇಜು ಬ್ರೋಷರ್‌ಗಳಲ್ಲಿ ಕೋರ್ಸಿನ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಾಲ್ಕು ವರ್ಷದಲ್ಲಿ ಎಷ್ಟು ಗಣಿತ ಕಲಿಸುತ್ತಾರೆ ಎಂಬುದನ್ನು ಪಠ್ಯಕ್ರಮ ತೆರೆದೇ ಹುಡುಕಬೇಕು. ಲಕ್ಷಗಟ್ಟಲೆ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿಯುವ ಮುನ್ನ ಈ ಕೆಲಸ ಮಾಡುವುದು ಒಳ್ಳೆಯದು.

1965ರಲ್ಲಿ ಹುಟ್ಟಿದ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾಗೆ ಅವರೇ ಮೊದಲ ಅಧ್ಯಕ್ಷ. ಸಾಫ್ಟ್‌ವೇರ್ ತರಬೇತಿ, ಸಂಶೋಧನೆಗೆಂದು ಅವರು ಮುಂಬೈನಲ್ಲಿ ಬೆಳೆಸಿದ ರಾಷ್ಟ್ರೀಯ ಕೇಂದ್ರ ಮುಂದೆ ಎನ್‌ಸಿಎಸ್‌ಟಿ ಆಯಿತು. ಸರ್ಕಾರಿ ಸಂಸ್ಥೆ ಸಿಎಂಸಿಯ ಅಧ್ಯಕ್ಷರೂ ಆಗಿದ್ದರು. 1978ರಲ್ಲಿ ಐಬಿಎಂ ಭಾರತ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆ ಹೊತ್ತಿದ್ದು, 1980ರ ದಶಕದಲ್ಲಿ ರೈಲ್ವೆ ಟಿಕೆಟ್ ಬುಕಿಂಗ್ ಅನ್ನು ಕಂಪ್ಯೂಟರ್‌ಗೆ ತಂದಿದ್ದು ಇದೇ ಸಿಎಂಸಿ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಿವೃತ್ತಿಯ ನಂತರ ಬೆಂಗಳೂರಿಗೆ ಬಂದು ನೆಲೆಸಿದರು. ವಿಶ್ರಾಂತಿ ಪಡೆಯಲಿಲ್ಲ. ಮನುಷ್ಯ ಭಾಷೆಯನ್ನು ಹೇಗೆ ಕಲಿಯುತ್ತಾನೆ, ಯಂತ್ರಕ್ಕೆ ಅದು ಸಾಧ್ಯವೇ ಎಂಬುದೇ ಆಗ ಅವರ ತಲೆ ತುಂಬಿದ್ದ ವಿಷಯ. ಕೃತಕ ಬುದ್ಧಿಮತ್ತೆ ಕುರಿತ ಅವರ ಪುಸ್ತಕ 2004ರಲ್ಲಿ ಹೊರಬಂದಾಗ ವಯಸ್ಸು 78ರ ಆಸುಪಾಸು. 2007ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಚಾಟ್‌ಜಿಪಿಟಿ ಬರಲು ಆಗ ಇನ್ನೂ 15 ವರ್ಷ ಬಾಕಿಯಿತ್ತು.