ಹರ್ಮನ್ ಮೋಗ್ಲಿಂಗ್

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ (29 ಮೇ 1811 – 10 ಮೇ 1881) ಬಾಸೆಲ್ ಮಿಷನ್ ಸಂಸ್ಥೆಯ ಜರ್ಮನ್ ಧರ್ಮಪ್ರಚಾರಕರು ಮತ್ತು ಕನ್ನಡ ವಿದ್ವಾಂಸರು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರದ ಸಂಪಾದಕರೆಂದು ಅವರು ಪ್ರಸಿದ್ಧರಾಗಿದ್ದಾರೆ. ಕೊಡಗಿನ ಹಳ್ಳಿಗಳಲ್ಲಿ ಅವರು ನಡೆಸಿದ ಧರ್ಮಪ್ರಚಾರ ಅಷ್ಟಾಗಿ ಪರಿಚಿತವಲ್ಲ.

ಆರಂಭಿಕ ಜೀವನ

ಮೋಗ್ಲಿಂಗ್ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಷನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಮಿಷನ್ ಅಲ್ಲಿ ಎರಡು ವರ್ಷಗಳ ಹಿಂದೆಯಷ್ಟೇ ಕಾರ್ಯಾರಂಭ ಮಾಡಿತ್ತು.

ಮಂಗಳೂರಿನಲ್ಲಿ

ಮೋಗ್ಲಿಂಗ್ ಕನ್ನಡವನ್ನು ಕಲಿತು ಶಿಕ್ಷಣಕಾರ್ಯದಲ್ಲಿ ತೊಡಗಿದರು. ವಿದ್ಯಾರ್ಥಿಗಳೊಡನೆಯೇ ವಾಸಿಸುತ್ತ, ಅವರಂತೆಯೇ ಸರಳ ಜೀವನ ನಡೆಸಬೇಕೆಂಬುದು ಅವರ ನಿಲುವಾಗಿತ್ತು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಮುದ್ರಿತವಾದ ಪಾಕ್ಷಿಕ ಮಂಗಳೂರ ಸಮಾಚಾರವನ್ನು ಹೊರತಂದರು. ಮರುವರ್ಷ ಅದು ಕನ್ನಡ ಸಮಾಚಾರ ಎಂಬ ಹೆಸರಿನಿಂದ ಬಳ್ಳಾರಿಯಲ್ಲಿ ಮುದ್ರಣಗೊಂಡಿತು. ಜುಲೈ 1ನ್ನು ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ.

1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯ ಸೇರಿದಂತೆ ಮೂವರು ಬ್ರಾಹ್ಮಣ ಯುವಕರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದರು. ಈ ಘಟನೆ ಊರಿನಲ್ಲಿ ತೀವ್ರ ವಿರೋಧಕ್ಕೆ ಕಾರಣವಾಯಿತು. ದೀಕ್ಷೆ ಪಡೆದವರು ತಮ್ಮ ಕುಟುಂಬಗಳಿಂದ ದೂರವಾಗಬೇಕಾಯಿತು. ಕೌಂಡಿನ್ಯರು ಮೋಗ್ಲಿಂಗ್ ಅವರ ಹೆಸರನ್ನೇ ಕ್ರೈಸ್ತನಾಮವಾಗಿ ಸ್ವೀಕರಿಸಿದರು. ಬಾಸೆಲ್‌ನಲ್ಲಿ ಶಿಕ್ಷಣ ಪಡೆದು ಪಾದ್ರಿಗಳಾಗಿ ಹಿಂದಿರುಗಿದ ಅವರು ಮೋಗ್ಲಿಂಗ್ ಅವರ ನಿಕಟ ಸಹೋದ್ಯೋಗಿಗಳಾದರು.

ಸಾಹಿತ್ಯ ಸೇವೆ

ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ 1848ರಿಂದ ಬಿಬ್ಲಿಯೊಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯನ್ನು ಸಂಪಾದಿಸಿದರು. ಜೈಮಿನಿ ಭಾರತ, ಬಸವ ಪುರಾಣ ಮತ್ತು ದಾಸರ ಪದಗಳು ಈ ಮಾಲೆಯಲ್ಲಿ ಪ್ರಕಟವಾದವು. ಹೀಗೆ ಅನ್ಯಮತದ ಪ್ರಚಾರಕ್ಕೆಂದು ಬಂದವರು ವೈದಿಕ, ವೀರಶೈವ ಮತ್ತು ಹರಿದಾಸ ಕೃತಿಗಳು ಅಚ್ಚಾಗಲು ಕಾರಣರಾದರು. ಈ ಸೇವೆಯನ್ನು ಗುರುತಿಸಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಕೊಡಗಿನಲ್ಲಿ

ಕೊಡವ ಸಮುದಾಯದ ಆಲ್ಮಂಡ ಮನೆತನದ ಸೋಮಯ್ಯ ಎಂಬವರು ಕ್ರೈಸ್ತಧರ್ಮದತ್ತ ಒಲಿದು ಮೋಗ್ಲಿಂಗ್ ಅವರನ್ನು ಸಂಪರ್ಕಿಸಿದರು. ಇದರಿಂದಾಗಿ 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ತೆರಳಿ, ಮೊದಲು ಆಲ್ಮಂಡದಲ್ಲೇ ನೆಲೆಸಿದರು. ದೊಡ್ಡ ದೇವಾಲಯವಾಗಲಿ ಸಭಾಭವನವಾಗಲಿ ಇಲ್ಲದ ಆ ದಿನಗಳಲ್ಲಿ ಪ್ರಚಾರಕ್ಕೆ ಆಧಾರವಾದುದು ಒಂದು ಮನೆತನದ ಆಶ್ರಯ. ಆದರೆ ಐನ್‌ಮನೆ ಮತ್ತು ಪೂರ್ವಜರ ಆರಾಧನೆಯ ಸುತ್ತ ಹೆಣೆದುಕೊಂಡಿದ್ದ ಕೊಡವ ಸಮಾಜದಲ್ಲಿ ಸೋಮಯ್ಯನವರನ್ನು ಅನುಸರಿಸಿದವರು ಬಹಳ ವಿರಳ.

ಕೊಡಗಿನಲ್ಲಿ ಮಿಷನ್ನಿಗೆ ಹೆಚ್ಚಿನ ಸ್ಪಂದನ ದೊರೆತುದು ಹೊಲೆಯ ಸಮುದಾಯದಿಂದ. ಈ ಸಮುದಾಯದ ಕೆಲವರು ಭೂಮಿಗೆ, ಇನ್ನು ಕೆಲವರು ಒಡೆಯರ ಮನೆತನಗಳಿಗೆ ವಂಶಪಾರಂಪರ್ಯವಾಗಿ ಜೀತಕ್ಕೆ ಒಳಪಟ್ಟಿದ್ದರು. 1843ರ ಕಾಯಿದೆಯು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದರೂ ಸ್ವಂತ ನೆಲವಿಲ್ಲದವರ ಪರಾಧೀನತೆ ಉಳಿದಿತ್ತು. ದೀಕ್ಷೆ ಪಡೆದವರಿಗೆ ಒಡೆಯರ ಆಶ್ರಯ ತಪ್ಪಿದರೆ ಇರಲು ನೆಲೆ, ಮಾಡಲು ಕೆಲಸ ಬೇಕಾಗುತ್ತಿತ್ತು. ಸಿದ್ದಾಪುರದ ಸಮೀಪ ಕಾಫಿ ತೋಟದೊಡನೆ ನೆಲೆಗೊಂಡ ಆನಂದಪುರವು ಇಂಥವರ ವಸತಿಯಾಯಿತು. ಆನಂದರಾವ್ ಕೌಂಡಿನ್ಯರಿಂದ ಆ ಊರಿಗೆ ಈ ಹೆಸರು ಬಂದಿದೆ.

ಕೊಡಗಿನ ಇತಿಹಾಸ, ಜನಜೀವನ ಮತ್ತು ಮಿಷನ್ ಕಾರ್ಯವನ್ನು ಕುರಿತು ಮೋಗ್ಲಿಂಗ್ ಬರೆದ ಕೂರ್ಗ್ ಮೆಮೊಯರ್ಸ್ ಎಂಬ ಇಂಗ್ಲಿಷ್ ಕೃತಿ 1855ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು.

ಕೊನೆಯ ದಿನಗಳು

ಮೋಗ್ಲಿಂಗ್ ತಮ್ಮ ಸಹೋದ್ಯೋಗಿ ಗಾಟ್‌ಫ್ರಿಡ್ ವೈಗ್ಲೆ ಅವರ ನಿಧನಾನಂತರ ಅವರ ಪತ್ನಿ ಪೌಲೀನ್ ಅವರನ್ನು ವಿವಾಹವಾದರು. ಪತ್ನಿಯ ಅನಾರೋಗ್ಯದಿಂದಾಗಿ 1860ರಲ್ಲಿ ಜರ್ಮನಿಗೆ ಹಿಂದಿರುಗಿದ ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ಎಸ್ಲಿಂಗನ್‌ನಲ್ಲಿ 1881ರಲ್ಲಿ ನಿಧನರಾದರು.